ಕರೆಂಟ್ ಹೋಗುವ ಊರಿಗೆ ಯಾವ ಬೂಟ್ ಲೋಡರ್?

ಕಾಫಿ ತೋಟದ ಆಫೀಸಿನ ಕಂಪ್ಯೂಟರಿನಿಂದ ವಿಂಡೋಸನ್ನು ಕಿತ್ತುಹಾಕುವ ಮಾತು ಸುಲಭವಲ್ಲ. ಲೆಕ್ಕ ಬರೆಯುವ ಟ್ಯಾಲಿ ಅದರಲ್ಲಿದೆ, ರೈಟರ್ ತುಂಬಿಸುವ ಚೆಕ್‌ರೋಲ್ ಅದರಲ್ಲಿದೆ, ಯೂನಿಕೋಡ್ ಬರುವ ಮುಂಚಿನ ನುಡಿ ಫೈಲುಗಳನ್ನು ಬೇರೆ ಕಡೆ ತೆರೆದರೆ ಅಕ್ಷರಗಳೆಲ್ಲ ಕಲಸುಮೇಲೋಗರ. ಅದೇ ಯಂತ್ರದಲ್ಲಿ ಇಂಜಿನಿಯರಿಂಗ್ ಓದುವ ಮಗಳಿಗೆ ವಿಂಡೋಸಿನಂಥದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ ಆದ ಲಿನಕ್ಸ್ ಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ, ಹಳೆಯ ಯಂತ್ರದಲ್ಲಿ ನೆಟ್ ನೋಡುವುದನ್ನಾದರೂ ಲಿನಕ್ಸಿಗೆ ಬಿಡೋಣ ಅನ್ನುವವರು ಹೆಚ್ಚಾಗಿದ್ದಾರೆ. ಎರಡನ್ನೂ ಒಂದೇ ಯಂತ್ರದಲ್ಲಿ ಇಡಬಹುದು. ಗುಂಡಿ ಒತ್ತಿದಾಗ ಯಾವ ಕಡೆ ಹೋಗಬೇಕೆಂದು ದಾರಿ ತೋರಿಸುವ ಕೈಮರವೇ ಬೂಟ್ ಲೋಡರ್.

ಯಾವುದು ಚೆಂದ, ಯಾವುದು ಎರಡು ಸೆಕೆಂಡ್ ಬೇಗ ಎಂಬ ಚರ್ಚೆ ಬೆಂಗಳೂರಿನ ಮಟ್ಟಿಗೆ ಸರಿ. ಕೊಡಗಿನ ಭಾಗಮಂಡಲದಲ್ಲೋ ಶಾಂತಳ್ಳಿಯಲ್ಲೋ ಜುಲೈ ತಿಂಗಳಲ್ಲಿ ಕೇಳಬೇಕಾದ್ದು ಬೇರೆ: ಅಪ್‌ಡೇಟ್ ಅರ್ಧಕ್ಕೆ ಬಂದಾಗ ಮರ ಬಿದ್ದು ಲೈನ್ ಹೋದರೆ ಏನು ಕೆಡುತ್ತದೆ? ಕೆಟ್ಟದ್ದನ್ನು ನೆಟ್ ಇಲ್ಲದೆ ಸರಿಮಾಡಲು ಆಗುತ್ತದೆಯೇ?

ಮೊದಲು ನಿಮ್ಮ ಯಂತ್ರ ಯಾವ ಕಾಲದ್ದು ನೋಡಿ. ಗುಂಡಿ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಮದರ್‌ಬೋರ್ಡಿನ ತಂತ್ರಾಂಶದಲ್ಲಿ ಬಯಾಸ್ ಹಳೆಯದು, ಯುಇಎಫ್‌ಐ ಹೊಸದು. ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊಟ್ಟಮೊದಲ 512 ಬೈಟೇ ಸರ್ವಸ್ವ. ಅದರಲ್ಲಿ 64 ಬೈಟ್ ಪಾರ್ಟಿಷನ್ (ಡಿಸ್ಕಿನ ಭಾಗಗಳ) ಪಟ್ಟಿಗೆ, 2 ಬೈಟ್ ಗುರುತಿಗೆ, ಬೂಟ್ ಕೋಡಿಗೆ ಉಳಿಯುವುದು 446 ಬೈಟ್. ಜಾಗ ಒಂದೇ, ಯಜಮಾನನೂ ಒಬ್ಬನೇ. ವಿಂಡೋಸನ್ನು ಮತ್ತೆ ಹಾಕಿದರೆ ಅದು ಕೇಳದೆಯೇ ಅಲ್ಲಿ ತನ್ನ ಕೋಡ್ ಬರೆಯುತ್ತದೆ. ‘ವಿಂಡೋಸ್ ಲಿನಕ್ಸನ್ನು ನುಂಗುತ್ತದೆ’ ಎಂಬ ಹೆದರಿಕೆ ಹುಟ್ಟಿದ್ದೇ ಇಲ್ಲಿ. ಯುಇಎಫ್‌ಐ ಯಂತ್ರಗಳಲ್ಲಿ ಹಾಗಿಲ್ಲ. ಇಎಸ್‌ಪಿ ಎಂಬ ಪುಟ್ಟ ಪಾರ್ಟಿಷನ್ನಿನಲ್ಲಿ ಪ್ರತಿಯೊಂದಕ್ಕೂ ಅದರದೇ ಫೋಲ್ಡರ್: ಮೈಕ್ರೋಸಾಫ್ಟ್‌ದೊಂದು, ಉಬುಂಟು ಎಂಬ ಲಿನಕ್ಸಿನದೊಂದು. ಯಾವುದನ್ನು ಮೊದಲು ತೆರೆಯಬೇಕೆಂಬ ಸರದಿ ಪಟ್ಟಿ ಮದರ್‌ಬೋರ್ಡಿನ ನೆನಪಿನಲ್ಲಿರುತ್ತದೆ. ವಿಂಡೋಸಿನಲ್ಲಿ ‘ಎಂಎಸ್‌ಇನ್ಫೋ32’ ತೆರೆದರೆ ಬಯಾಸ್ ಮೋಡ್ ಎಂಬ ಸಾಲಿನ ಮುಂದೆ ಯುಇಎಫ್‌ಐ ಅಥವಾ ಲೆಗಸಿ ಎಂದಿರುತ್ತದೆ. ಲಿನಕ್ಸನ್ನೂ ಅದೇ ಮೋಡಿನಲ್ಲಿ ಹಾಕಬೇಕು. ಒಂದು ಲೆಗಸಿ, ಇನ್ನೊಂದು ಯುಇಎಫ್‌ಐ ಆದರೆ ಗ್ರಬ್ ಎಂಬ ಲಿನಕ್ಸ್ ಬೂಟ್ ಲೋಡರಿನ ಮೆನುವಿನಿಂದ ವಿಂಡೋಸ್ ಏಳುವುದಿಲ್ಲ. ಪೆನ್‌ಡ್ರೈವ್ ಹಾಕುವಾಗ ಗಮನಿಸದೆ ಬಹಳ ಜನ ಎಡವುವುದು ಇಲ್ಲೇ.

ಈಗ ವಿಷಯದ ತಿರುಳಿಗೆ ಬರೋಣ. ಇಎಸ್‌ಪಿ ಇರುವುದು ಫ್ಯಾಟ್32 ಎಂಬ ಹಳೇ ಫೈಲ್ ವ್ಯವಸ್ಥೆಯಲ್ಲಿ. ಅದಕ್ಕೆ ಜರ್ನಲ್ ಇಲ್ಲ. ಲಿನಕ್ಸಿನ ಎಕ್ಸ್‌ಟ್4 ಯಾವ ಬದಲಾವಣೆ ಮಾಡಹೊರಟಿದ್ದೇನೆ ಎಂದು ಮೊದಲು ದಿನಚರಿಯಲ್ಲಿ ಬರೆದುಕೊಂಡು ಆಮೇಲೆ ಕೈಹಾಕುತ್ತದೆ. ನಡುವೆ ಕರೆಂಟ್ ಹೋದರೆ ಮತ್ತೆ ಎದ್ದಾಗ ದಿನಚರಿ ನೋಡಿ ಲೆಕ್ಕ ಸರಿಮಾಡುತ್ತದೆ. ಫ್ಯಾಟ್32ಕ್ಕೆ ಆ ಅಭ್ಯಾಸವಿಲ್ಲ. ಬರೆಯುತ್ತಿರುವಾಗಲೇ ಕರೆಂಟ್ ಹೋದರೆ ಫೈಲು ಅರ್ಧ, ಪಟ್ಟಿ ಅರ್ಧ. ಆದ್ದರಿಂದ ನಮ್ಮ ಕಡೆಗೆ ಬೂಟ್ ಲೋಡರನ್ನು ಅಳೆಯುವ ಕೋಲು ಇದು: ಇಎಸ್‌ಪಿಯ ಮೇಲೆ ಅದು ಎಷ್ಟು ಸಲ ಬರೆಯುತ್ತದೆ?

ಸಿಸ್ಟಮ್‌ಡಿ-ಬೂಟ್ ಸರಳ, ಚುರುಕು, ಯುಇಎಫ್‌ಐಗೆ ಮಾತ್ರ. ಅದರ ಸಂರಚನಾ ಫೈಲು ನಾಲ್ಕೈದು ಸಾಲು ದಾಟುವುದಿಲ್ಲ, ಅದೇ ಇಎಸ್‌ಪಿಯಲ್ಲಿರುವ ವಿಂಡೋಸನ್ನು ತಾನೇ ಪತ್ತೆಹಚ್ಚುತ್ತದೆ. ಆದರೆ ಮಾಮೂಲಾಗಿ ಕರ್ನಲ್ (ಲಿನಕ್ಸಿನ ತಿರುಳು) ಮತ್ತು ಏಳುವಾಗ ಅದಕ್ಕೆ ನೆರವಾಗುವ ಇನಿಟ್‌ರ‍್ಯಾಮ್ ಫೈಲನ್ನು ಇಎಸ್‌ಪಿಯಲ್ಲೇ ಇಡಬೇಕು. ಪ್ರತಿ ಕರ್ನಲ್ ಅಪ್‌ಡೇಟಿಗೂ ಹತ್ತಾರು ಎಂಬಿ ಫ್ಯಾಟ್32ಕ್ಕೆ ಬರೆಯಬೇಕಾಯಿತು. ಇನ್ನೊಂದು ತೊಡಕು, ವಿಂಡೋಸ್ ತಾನಾಗಿ ಮಾಡುವ ಇಎಸ್‌ಪಿ ಸಾಮಾನ್ಯವಾಗಿ 100 ಎಂಬಿಯದು. ಎರಡು ಕರ್ನಲ್ ಬರುವಷ್ಟರಲ್ಲಿ ಜಾಗ ಮುಗಿದು ಅಪ್‌ಡೇಟ್ ನಡುವೆ ನಿಲ್ಲುತ್ತದೆ. ಹೊಸ ಡಿಸ್ಕಿಗೆ ಹಾಕುವುದಾದರೆ ಇಎಸ್‌ಪಿಗೆ 1 ಜಿಬಿ ಕೊಟ್ಟುಬಿಡಿ. ಇಷ್ಟಾದರೂ ಯುಪಿಎಸ್ ಇಲ್ಲದ ಮನೆಗೆ ಇದನ್ನು ಹೇಳಲು ನಾಲಿಗೆ ಹೊರಳುವುದಿಲ್ಲ.

ಗ್ರಬ್ ಕತೆ ಬೇರೆ. 1995ರಲ್ಲಿ ಹುಟ್ಟಿದ್ದು, ದೊಡ್ಡದು, ಒಳಗೆ ನೋಡಿದರೆ ಗೋಜಲು. ಆದರೆ ಉಬುಂಟು, ಡೆಬಿಯನ್, ಮಿಂಟ್‌ಗಳಲ್ಲಿ ಕರ್ನಲ್ ಇರುವುದು ಎಕ್ಸ್‌ಟ್4ರ ಬೂಟ್ ಫೋಲ್ಡರಿನಲ್ಲಿ, ಮೆನುವಿನ ಫೈಲೂ ಅಲ್ಲೇ. ಇಎಸ್‌ಪಿಯನ್ನು ಮುಟ್ಟುವುದು ಗ್ರಬ್ಬೇ ಅಪ್‌ಡೇಟ್ ಆದಾಗ ಮಾತ್ರ. ಅದು ಅಪರೂಪ. ಜತೆಗೆ ಉಬುಂಟುವಿನ ಗ್ರಬ್ಬಿಗೆ ಒಂದು ಒಳ್ಳೆಯ ಗುಣವಿದೆ: ಹಿಂದಿನ ಸಲ ಬೂಟ್ ಪೂರ್ತಿಯಾಗಲಿಲ್ಲ ಎಂದು ಗೊತ್ತಾದರೆ ಮುಂದಿನ ಸಲ ಮೆನು ತೋರಿಸಿ 30 ಸೆಕೆಂಡ್ ಕಾಯುತ್ತದೆ. ಕರೆಂಟ್ ಬಂದು ಹೋಗಿ ಮಾಡುವ ದಿನ ಯಂತ್ರ ಮೆನುವಿನಲ್ಲೇ ನಿಂತಿದ್ದರೆ ಕೆಟ್ಟಿತು ಅಂದುಕೊಳ್ಳಬೇಡಿ.

ಗ್ರಬ್ಬಿನ ದೊಡ್ಡ ದೂರು, ‘ಮೆನುವಿನಲ್ಲಿ ವಿಂಡೋಸೇ ಇಲ್ಲ.’ 2021ರಲ್ಲಿ ಬಂದ 2.06ನೇ ಆವೃತ್ತಿಯಿಂದ, ಬೇರೆ ಸಿಸ್ಟಂಗಳನ್ನು ಹುಡುಕುವ ಓಎಸ್-ಪ್ರೋಬರನ್ನು ಸುರಕ್ಷತೆಯ ಕಾರಣಕ್ಕೆ ಆಫ್ ಮಾಡಿಟ್ಟಿದ್ದಾರೆ. ‘ಇಟಿಸಿ’ಯ ಒಳಗಿನ ‘ಡೀಫಾಲ್ಟ್’ ಫೋಲ್ಡರಿನಲ್ಲಿ ‘ಗ್ರಬ್’ ಎಂಬ ಫೈಲಿದೆ. ಅದರಲ್ಲಿ ಡಿಸೇಬಲ್ ಓಎಸ್ ಪ್ರೋಬರ್ ಎಂಬ ಸಾಲಿನ ಮುಂದಿನ ಪೌಂಡ್ (#) ಗುರುತು ತೆಗೆದು, ಅದರ ಎದುರು ‘ಫಾಲ್ಸ್’ ಎಂದಿರುವುದನ್ನು ನೋಡಿಕೊಂಡು, ‘ಅಪ್‌ಡೇಟ್-ಗ್ರಬ್’ ಆದೇಶ ಕೊಟ್ಟರೆ ವಿಂಡೋಸ್ ಮೆನುವಿಗೆ ಬರುತ್ತದೆ.

ರೆಫೈಂಡ್ ನೋಡಲು ಚೆಂದ, ದೊಡ್ಡ ದೊಡ್ಡ ಚಿತ್ರಗಳು. ಇದು ಮೆನು ಬರೆದಿಡುವುದೇ ಇಲ್ಲ, ಪ್ರತಿ ಸಲವೂ ಡಿಸ್ಕನ್ನೆಲ್ಲ ತಡಕಿ ಏಳಬಲ್ಲದ್ದನ್ನೆಲ್ಲ ತೋರಿಸುತ್ತದೆ. ಎಕ್ಸ್‌ಟ್4 ಓದುವ ಡ್ರೈವರ್ ಜೊತೆಗಿರುವುದರಿಂದ ಕರ್ನಲ್ ಬದಲಾದರೆ ಇಎಸ್‌ಪಿಯಲ್ಲಿ ಏನೂ ಬರೆಯಬೇಕಿಲ್ಲ. ನಮ್ಮ ಅಳತೆಗೋಲಿನಲ್ಲಿ ಪಾಸು. ಸಹಿಯಿಲ್ಲದ ಬೂಟ್ ಲೋಡರನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೆ ಮಾತ್ರ ಶಿಮ್ (ಮೈಕ್ರೋಸಾಫ್ಟ್ ಸಹಿಯಿರುವ ಪುಟ್ಟ ಲೋಡರ್), ಕೀಲಿ ನೋಂದಣಿ ಅಂತ ಕೈಕೆಲಸ ಜಾಸ್ತಿ. ಪೆನ್‌ಡ್ರೈವಿಗೆ ಹಾಕಿ ಡ್ರಾಯರಿನಲ್ಲಿಟ್ಟರೆ ಇದಕ್ಕಿಂತ ಒಳ್ಳೆಯ ಆಪದ್ಬಾಂಧವ ಸಿಗುವುದಿಲ್ಲ.

ಡೆಸ್ಕ್‌ಟಾಪ್ ಆದರೆ ಇವೆಲ್ಲಕ್ಕಿಂತ ಮೇಲಾದ ಉಪಾಯವಿದೆ: 240 ಜಿಬಿಯ ಇನ್ನೊಂದು ಎಸ್‌ಎಸ್‌ಡಿ. ಅದಕ್ಕೆ ಲಿನಕ್ಸ್ ಹಾಕುವಾಗ ವಿಂಡೋಸ್ ಡಿಸ್ಕಿನ ಕೇಬಲ್ ಕಿತ್ತಿಡಿ. ಕೀಳದಿದ್ದರೆ, ಎರಡನೇ ಡಿಸ್ಕಿಗೆ ಹಾಕು ಎಂದು ಹೇಳಿದರೂ ಕೆಲವು ಇನ್‌ಸ್ಟಾಲರುಗಳು ಗ್ರಬ್ಬನ್ನು ಮೊದಲ ಡಿಸ್ಕಿನ ಇಎಸ್‌ಪಿಗೇ ಬರೆದುಬಿಡುತ್ತವೆ. ಕಿತ್ತಿಟ್ಟರೆ ಎರಡೂ ಮನೆ ಪ್ರತ್ಯೇಕ, ಒಂದರ ಒಲೆ ಕೆಟ್ಟರೆ ಇನ್ನೊಂದರ ಅಡುಗೆ ನಿಲ್ಲದು. ಆಮೇಲೆ ಯಂತ್ರದ ಬೂಟ್ ಮೆನುವೇ ಸಾಕು. ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9.

ಒಂದೇ ಡಿಸ್ಕಾದರೆ ಮುಂಚೆ ಮೂರು ಕೆಲಸ ಮುಗಿಸಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಎಂದರೂ ವಿಂಡೋಸ್ ಅರೆನಿದ್ದೆಯಲ್ಲಿರುತ್ತದೆ, ಆಗ ಲಿನಕ್ಸಿನಿಂದ ಅದರ ಪಾರ್ಟಿಷನ್ನಿಗೆ ಬರೆದರೆ ಲೆಕ್ಕದ ಫೈಲೇ ಹಾಳಾಗಬಹುದು. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಯ ರಿಕವರಿ ಕೀಲಿಯನ್ನು ಕಾಗದದ ಮೇಲೆ ಬರೆದಿಡಿ. ಬೂಟ್ ಸರದಿ ಬದಲಾದೊಡನೆ ಅದು ಕೀಲಿ ಕೇಳಬಹುದು. ಉಬುಂಟು ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲು) ಇರುವ ಪೆನ್‌ಡ್ರೈವನ್ನು ಮೇ ತಿಂಗಳಲ್ಲೇ ಒಮ್ಮೆ ಎಬ್ಬಿಸಿ ನೋಡಿ, ಮಳೆ ಹಿಡಿದ ಮೇಲೆ 5 ಜಿಬಿ ಇಳಿಸುವ ಪಾಡು ಬೇಡ.

ಒಂದು ಬೆಳಗ್ಗೆ ಮೆನು ಕಾಣದೆ ನೇರ ವಿಂಡೋಸ್ ಬಂದರೆ ಗಾಬರಿ ಬೇಡ. ಹೆಚ್ಚಿನ ಸಲ ಸರದಿ ಪಟ್ಟಿಯಷ್ಟೇ ಅದಲುಬದಲಾಗಿರುತ್ತದೆ. ಮದರ್‌ಬೋರ್ಡಿನ ಸೆಟಪ್ಪಿಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತನ್ನಿ. ಪಟ್ಟಿಯಲ್ಲೇ ಇಲ್ಲದಿದ್ದರೆ ಹೊಸ ಬೂಟ್ ಆಯ್ಕೆ ಸೇರಿಸುವಲ್ಲಿ ಇಎಫ್‌ಐ, ಉಬುಂಟು, ‘ಶಿಮ್‌ಎಕ್ಸ್64’ ಫೈಲು, ಹೀಗೆ ತೋರಿಸಿದರೆ ಆಯಿತು. 2024ರ ಆಗಸ್ಟಿನಲ್ಲಿ ಆದದ್ದು ಬೇರೆ ನಮೂನೆ: ಒಂದು ವಿಂಡೋಸ್ ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಿರಸ್ಕರಿಸಿ, ಎಷ್ಟೋ ಲಿನಕ್ಸುಗಳು ‘ಸೆಕ್ಯೂರಿಟಿ ಪಾಲಿಸಿ ವಯಲೇಷನ್’ ಎಂದು ನಿಂತವು. ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್ ಎಬ್ಬಿಸಿ, ಶಿಮ್ ಅಪ್‌ಡೇಟ್ ಮಾಡಿದವರು ದಾಟಿಕೊಂಡರು.

ಇನ್ವರ್ಟರ್ ಇದೆಯಲ್ಲ ಎನ್ನುವವರು ಅದರ ಹಿಂಭಾಗದ ಸ್ವಿಚ್ ನೋಡಲಿ. ಕರೆಂಟ್ ಹೋದ ಮೇಲೆ ಕಂಪ್ಯೂಟರಿನ ಪವರ್ ಸಪ್ಲೈ ಉಸಿರು ಬಿಗಿಹಿಡಿಯುವುದು ಸುಮಾರು 16 ಮಿಲಿಸೆಕೆಂಡ್. ಸಾಧಾರಣ ಮೋಡಿನಲ್ಲಿ ಇನ್ವರ್ಟರ್ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕಾಗಬಹುದು. ಫ್ಯಾನಿಗೆ ತಿಳಿಯುವುದೇ ಇಲ್ಲ, ಕಂಪ್ಯೂಟರ್ ಆರಿ ಮತ್ತೆ ಹೊತ್ತುತ್ತದೆ. ಸ್ವಿಚ್ಚನ್ನು ಯುಪಿಎಸ್ ಕಡೆ ಇಡಿ.

ಗಡಿಯಾರದ ತಕರಾರೂ ಇದೆ. ಲಿನಕ್ಸ್ ಮದರ್‌ಬೋರ್ಡಿನಲ್ಲಿ ಗ್ರೀನಿಚ್ ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಊರಿನ ಸಮಯ ಎಂದು ಓದುತ್ತದೆ. ಸಂಜೆ 6.30ಕ್ಕೆ ಟ್ಯಾಲಿ ತೆರೆದರೆ ಮಧ್ಯಾಹ್ನ 1 ಗಂಟೆ! ಲಿನಕ್ಸಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದರೆ ಸರಿಹೋಗುತ್ತದೆ. ಇದು ಬೇಡ ಎಂದು ಎಚ್ಚರಿಸುವುದು ಮುಖ್ಯವಾಗಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸುವ ದೇಶದವರಿಗಾಗಿ, ನಮಗೆ ಅದು ಬಾಧಕವಲ್ಲ.

ಸಮಯ ತಪ್ಪಿರುವುದು ಐದೂವರೆ ಗಂಟೆಯಲ್ಲ, ವರ್ಷಗಟ್ಟಲೆ ಎಂದಾದರೆ ತಪ್ಪು ಸಿಆರ್2032 ಎಂಬ ನಾಣ್ಯದಂಥ ಬ್ಯಾಟರಿಯದು. ಗೋಡೆಯ ಪ್ಲಗ್ಗಿನಲ್ಲಿ ಕರೆಂಟ್ ಇರುವಷ್ಟು ಹೊತ್ತು ಅದಕ್ಕೆ ಕೆಲಸವಿಲ್ಲ. ದಿನಗಟ್ಟಲೆ ಕರೆಂಟಿಲ್ಲದ ಊರಿನಲ್ಲಿ ಅದೇ ಕಾವಲು ಕಾಯಬೇಕು. ಅದು ಸತ್ತರೆ ಕೆಲವು ಬೋರ್ಡುಗಳಲ್ಲಿ ಬೂಟ್ ಸರದಿಯೂ ಡಿಸ್ಕಿನ ಸಾಟಾ ಮೋಡೂ (ಡಿಸ್ಕಿನ ಜೊತೆ ಮಾತಾಡುವ ಪದ್ಧತಿ) ಕಾರ್ಖಾನೆಯಿಂದ ಬಂದಾಗ ಇದ್ದಂತಾಗಿ, ಗ್ರಬ್ಬಿನಲ್ಲಿ ವಿಂಡೋಸ್ ಆರಿಸಿದರೆ ನೀಲಿ ಪರದೆ ಬರುತ್ತದೆ. ಬೈಗುಳ ಗ್ರಬ್ಬಿಗೆ. ಅದನ್ನು ಮತ್ತೆ ಹಾಕಲು ಹೊರಡುವ ಮೊದಲು ಸೆಟಪ್ ತೆರೆದು ಮೂಲೆಯಲ್ಲಿರುವ ತಾರೀಖನ್ನೊಮ್ಮೆ ಓದಿ.