ತಂತಿಯೊಳಗಿನ ಕ್ಷೇತ್ರದ ಮೂಲ ತಂತಿಯ ಮೈಮೇಲೆ

ವಾಹಕದೊಳಗೆ ವಿದ್ಯುತ್ ಕ್ಷೇತ್ರ ಸೊನ್ನೆ ಎಂದು ದ್ವಿತೀಯ ಪಿಯುಸಿಯಲ್ಲಿ ಓದುತ್ತೇವೆ. ಮುಂದಿನ ಅಧ್ಯಾಯದಲ್ಲಿ ಅದೇ ತಾಮ್ರದೊಳಗಿನ ಕ್ಷೇತ್ರವೇ ಎಲೆಕ್ಟ್ರಾನುಗಳನ್ನು ತಳ್ಳುತ್ತದೆ. ಎರಡೂ ನಿಜ. ಮೊದಲನೆಯದು ವಿದ್ಯುತ್ ಆವೇಶಗಳು (ಚಾರ್ಜ್) ನಿಂತಿರುವಾಗ ಮಾತ್ರ ಸಲ್ಲುವ ಮಾತು. ಈ ಷರತ್ತನ್ನು ತರಗತಿಯಲ್ಲಿ ಒತ್ತಿ ಹೇಳಲೇಬೇಕು.

ವೋಲ್ಟೇಜು ಹೆಚ್ಚಿದಷ್ಟೂ ಪ್ರವಾಹ ಹೆಚ್ಚುತ್ತದೆಂಬ ತನ್ನ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಜರ್ಮನ್ ವಿಜ್ಞಾನಿ ಓಮ್, ವಿದ್ಯುತ್ತು ಶಾಖದ ಹಾಗೆ ಹೆಚ್ಚಿದ್ದಲ್ಲಿಂದ ಕಡಿಮೆ ಇದ್ದಲ್ಲಿಗೆ ಹರಿಯುತ್ತದೆಂದು ಬಗೆದಿದ್ದರು. ಹಾಗಿದ್ದರೆ ತಂತಿಯ ಒಡಲಿಡೀ ಆವೇಶ ತುಂಬಿರಬೇಕು. ಸೂತ್ರ ಸರಿಯಿತ್ತು, ಕಲ್ಪನೆ ತಪ್ಪಿತ್ತು. 1849ರಲ್ಲಿ ಭೌತವಿಜ್ಞಾನಿ ಕಿರ್ಚಾಫ್ ಅದನ್ನು ತಿದ್ದಿದರು: ಒಂದೇ ಲೋಹದ ತಂತಿಯಲ್ಲಿ ಪ್ರವಾಹ ಸ್ಥಿರವಾಗಿದ್ದಾಗ ಹೆಚ್ಚುವರಿ ಆವೇಶ ಇರುವುದು ಮೇಲ್ಮೈಯಲ್ಲಿ ಮಾತ್ರ.

ತಂತಿಯೊಳಗೆ ಕ್ಷೇತ್ರವನ್ನು ರೂಪಿಸುವ ಈ ಮೇಲ್ಮೈ ಆವೇಶವೇ ಇಡೀ ಕಥೆಯ ಜೀವ. ತಂತಿ ಬಾಗಿದ ಕಡೆ ಕ್ಷೇತ್ರ ನೇರ ಮುಂದಕ್ಕಿದ್ದರೆ, ಎಲೆಕ್ಟ್ರಾನುಗಳು ಹೊರಗೋಡೆಗೆ ಬಂದು ಕೂಡುತ್ತವೆ. ಕ್ಷೇತ್ರವೂ ತಿರುವಿನ ಜೊತೆ ತಿರುಗುವ ತನಕ ಕೂಡುತ್ತಲೇ ಇರುತ್ತವೆ. ತಾಮ್ರದಲ್ಲಿ 1 ಆಂಪಿಯರ್ ಪ್ರವಾಹವನ್ನು ತಿರುಗಿಸಲು ಬೇಕಾಗುವ ಆವೇಶ ಹೆಚ್ಚುಕಡಿಮೆ ಒಂದೇ ಒಂದು ಎಲೆಕ್ಟ್ರಾನಿನಷ್ಟು! ತಾಮ್ರಕ್ಕೆ ನೈಕ್ರೋಮ್ (ಹೀಟರ್ ಸುರುಳಿಯ ಮಿಶ್ರಲೋಹ) ಬೆಸೆದ ಕಡೆ ಲೆಕ್ಕ ಬದಲಾಗುತ್ತದೆ. ನೈಕ್ರೋಮಿನ ರೋಧಶೀಲತೆ, ಅಂದರೆ ಪ್ರವಾಹವನ್ನು ತಡೆಯುವ ಗುಣ, ತಾಮ್ರದ ಸುಮಾರು 65 ಪಟ್ಟು, ಹಾಗಾಗಿ ಅಲ್ಲಿ ಕ್ಷೇತ್ರವೂ ಅಷ್ಟೇ ಪಟ್ಟು ಬೇಕು. ಆ ಬೆಸುಗೆಯಲ್ಲಿ ಪ್ರತಿ ಆಂಪಿಯರಿಗೆ ಸುಮಾರು 60 ಎಲೆಕ್ಟ್ರಾನಿನಷ್ಟು ಆವೇಶ ನೆಲೆ ನಿಲ್ಲುತ್ತದೆ.

ಎಲೆಕ್ಟ್ರಾನು ಪತ್ತೆಯಾದ ಮೇಲೆ, 1900ರಲ್ಲಿ ಭೌತವಿಜ್ಞಾನಿ ಡ್ರೂಡ್ ಅವುಗಳ ನಡಿಗೆಗೆ ಲೆಕ್ಕ ಕೊಟ್ಟರು. 1.5 ಚದರ ಮಿಲಿಮೀಟರ್ ತಾಮ್ರದಲ್ಲಿ 10 ಆಂಪಿಯರ್ ಹರಿದರೆ ಒಳಗಿನ ಕ್ಷೇತ್ರ ಮೀಟರಿಗೆ 0.11 ವೋಲ್ಟ್, ಎಲೆಕ್ಟ್ರಾನುಗಳ ಡ್ರಿಫ್ಟ್ ವೇಗ (ಸರಾಸರಿಯಾಗಿ ಮುಂದೆ ಜರುಗುವ ವೇಗ) ಸೆಕೆಂಡಿಗೆ ಅರ್ಧ ಮಿಲಿಮೀಟರ್. ಮನೆಯ 50 ಹರ್ಟ್ಸ್ ಎಸಿ ಪ್ರವಾಹದಲ್ಲಂತೂ (ದಿಕ್ಕು ಬದಲಿಸುತ್ತಲೇ ಇರುವ ಪ್ರವಾಹ) ಅವು ಮುಂದೆ ಸಾಗುವುದೇ ಇಲ್ಲ, ನಾಲ್ಕೈದು ಮೈಕ್ರೋಮೀಟರ್ ಅಗಲದಲ್ಲಿ ಹಿಂದೆ ಮುಂದೆ ತೂಗುತ್ತವೆ. ಸ್ವಿಚ್ ಒತ್ತಿದೊಡನೆ ದೀಪ ಹತ್ತುವುದು ಮೇಲ್ಮೈ ಆವೇಶದ ಮರುಹೊಂದಾಣಿಕೆ ಬೆಳಕಿನ ವೇಗದ ಆಸುಪಾಸಿನಲ್ಲಿ ಹಬ್ಬುವುದರಿಂದ. ಕಿರ್ಚಾಫ್ ಇದನ್ನೂ 1857ರಲ್ಲೇ ಗಣಿತದಿಂದ ಕಂಡಿದ್ದರು.

ಮೀಟರಿಗೆ 0.11 ವೋಲ್ಟ್ ಅಲ್ಪ ಅನ್ನಿಸಬಹುದು. 20 ಮೀಟರ್ ದೂರದ ಸಾಕೆಟಿಗೆ ಹೋಗಿ ಬರುವ ದಾರಿ 40 ಮೀಟರ್: ನಾಲ್ಕೂವರೆ ವೋಲ್ಟ್ ಇಳಿತ, 45 ವ್ಯಾಟ್ ಶಾಖ. ಅದು ಉದ್ದಕ್ಕೂ ಹಂಚಿಹೋಗುವುದರಿಂದ ತಂತಿ ತಾಳಿಕೊಳ್ಳುತ್ತದೆ. ಸ್ಕ್ರೂ ಸಡಿಲವಾದ ಜಾಯಿಂಟ್ ತಾಳದು. ಲೋಹಗಳು ತಾಗುವ ಜಾಗ ಅರ್ಧಕ್ಕಿಳಿದರೆ ಅಲ್ಲಿನ ಕ್ಷೇತ್ರ ಇಮ್ಮಡಿ, ಪ್ರತಿ ಘನ ಮಿಲಿಮೀಟರಿಗೆ ಹುಟ್ಟುವ ಶಾಖ ನಾಲ್ಕು ಪಟ್ಟು. ಗೀಸರ್ ಪ್ಲಗ್ಗಿನ ಪಿನ್ನು ಕಪ್ಪಾಗಿ ಪ್ಲಾಸ್ಟಿಕ್ ಕರಗಲು ಶುರುವಾಗುವುದು ಇಲ್ಲಿಂದಲೇ.