ನೇರಳೆ ಗಾಂಜಾ ಮತ್ತು ಅಕ್ಕನ ಮುರುಗಲು ನೀರು

"ಗಾಂಜಾ ಯಾವ ಬಣ್ಣದ್ದು, ಸ್ವಾಮಿ?"

ಕಾರವಾರದ ನ್ಯಾಯಾಲಯದಲ್ಲಿ ಆರೋಪಿ ಪರ ವಕೀಲರು ಹೀಗೆ ಶುರುಮಾಡಿದಾಗ ಮುಂದೇನು ಬರುತ್ತದೆ ಎಂದು ನನಗೆ ಗೊತ್ತಾಗಿತ್ತು. ಒಣಗಿದ್ದು ಸಾಮಾನ್ಯವಾಗಿ ಕಂದುಹಸಿರು ಎಂದೆ. "ನಿಮ್ಮ ವರದಿಯಲ್ಲಿ ನೇರಳೆ ಎಂದು ಬರೆದಿದ್ದೀರಿ." ಬರೆದಿದ್ದೇನೆ ಎಂದೆ. "ಹಾಗಾದರೆ ಅದು ಗಾಂಜಾ ಹೇಗಾಯಿತು?"

ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ರಾಸಾಯನಿಕ ವಿಶ್ಲೇಷಕನಾಗಿದ್ದಾಗ ಸಾಕ್ಷಿಕಟ್ಟೆ ಹತ್ತಿದ ಲೆಕ್ಕ ಇಟ್ಟಿಲ್ಲ. ಅಲ್ಲಿ ಕೇಳಿದ್ದಕ್ಕಷ್ಟೇ ಉತ್ತರಿಸಬೇಕು, ಪಾಠ ಮಾಡುವಂತಿಲ್ಲ. ಈಗ ನಿವೃತ್ತ. ಅಂದು ಗಂಟಲಲ್ಲೇ ಉಳಿದದ್ದನ್ನು ಇಲ್ಲಿ ಬರೆಯಬಹುದು.

ಶಿರಸಿಯಲ್ಲಿ ನನ್ನ ಅಕ್ಕನ ಮನೆ. ಬೇಸಿಗೆಯಲ್ಲಿ ಹೋದರೆ ಅಂಗಳದ ತುಂಬ ಮುರುಗಲು (ಪುನರ್ಪುಳಿ) ಹಣ್ಣಿನ ಸಿಪ್ಪೆ ಒಣಗುತ್ತಿರುತ್ತದೆ. ಹೋದ ವರ್ಷ ಅವಳು ಕೊಟ್ಟ ಪಾನಕದಲ್ಲಿ ಎರಡು ಚಮಚ ತಟ್ಟೆಗೆ ಹಾಕಿಕೊಂಡು, ಡಬ್ಬದಿಂದ ಚಿಟಿಕೆ ಅಡುಗೆ ಸೋಡಾ ಉದುರಿಸಿದೆ. ನೊರೆ ಎದ್ದಿತು, ರಕ್ತಗೆಂಪು ಕಂದಿ ನೇರಳೆಯಾಯಿತು. ಇನ್ನೊಂದು ಚಿಟಿಕೆಗೆ ಹಸಿರೂ ಅಲ್ಲದ ನೀಲಿಯೂ ಅಲ್ಲದ ಕೊಳೆ ಬಣ್ಣ. ನಾಲ್ಕು ಹನಿ ಲಿಂಬೆ ಹಿಂಡಿದೆ, ಕೆಂಪು ಮರಳಿ ಬಂತು. "ನಿವೃತ್ತಿಯಾದರೂ ನಿನ್ನ ಆಟ ಮುಗಿಯಲಿಲ್ಲವೇ ತಮ್ಮಾ, ಒಳ್ಳೆಯ ಪಾನಕ ಹಾಳು ಮಾಡಿದೆ" ಎಂದು ಅಕ್ಕ ತಟ್ಟೆ ಎತ್ತಿಕೊಂಡು ಹೋದಳು.

ಆ ತಟ್ಟೆಯಲ್ಲಿದ್ದ ಬಣ್ಣ ಆಂಥೋಸಯಾನಿನ್. ನೇರಳೆ ಹಣ್ಣಿನಲ್ಲಿ, ಶಂಖಪುಷ್ಪದಲ್ಲಿ, ನಾಗಸಂಪಿಗೆಯ ಕೆಂಪು ಚಿಗುರಿನಲ್ಲಿ ಇರುವುದು ಇದರ ಬಳಗವೇ. ಗಾಂಜಾ ಹೂಗೊಂಚಲನ್ನು ನೇರಳೆಯಾಗಿಸುವುದೂ ಇದೇ. ಪತ್ರಹರಿತ್ತಿನಂತೆ ಇದು ಹಸಿರು ಕಣಗಳಲ್ಲಿ ಕೂರುವುದಿಲ್ಲ. ಜೀವಕೋಶದ ನಡುವಿನ ರಸದಾನಿಯ ನೀರಿನಲ್ಲಿ ಕರಗಿರುತ್ತದೆ. ಆ ನೀರು ಹುಳಿಯಾಗಿದ್ದಷ್ಟೂ ಬಣ್ಣ ಕೆಂಪಿಗೆ ವಾಲುತ್ತದೆ, ಹುಳಿ ಇಳಿದಂತೆ ನೇರಳೆ, ನೀಲಿಯ ಕಡೆಗೆ. ಹಾಗಾಗಿ ಒಂದು ಗಿಡದ್ದು ಕೆಂಪು, ಇನ್ನೊಂದರದ್ದು ನೇರಳೆ ಎಂದ ಮಾತ್ರಕ್ಕೆ ಎರಡು ಬೇರೆ ಪದಾರ್ಥ ಎನ್ನಲಾಗದು. ನೀಲಿ ಕಾರ್ನ್‌ಫ್ಲವರ್ ಹೂವಿನಲ್ಲೂ ಕೆಂಪು ಗುಲಾಬಿಯಲ್ಲೂ ಇರುವುದು ಒಂದೇ ಮೂಲ ವರ್ಣಕ ಎಂದು ಜರ್ಮನಿಯ ರಿಚರ್ಡ್ ವಿಲ್‌ಸ್ಟೆಟರ್ ತೋರಿಸಿದರು. ಸಸ್ಯ ವರ್ಣಕಗಳ ಮೇಲಿನ ಕೆಲಸಕ್ಕೆ 1915ರ ನೊಬೆಲ್ ಅವರಿಗೆ ಬಂತು. (ಕೆಂಪು ಹರಿವೆಯನ್ನು ಈ ಸಾಲಿಗೆ ಸೇರಿಸಬೇಡಿ. ಅದರದ್ದು ಬೀಟ್‌ರೂಟಿನ ಬಳಗದ ಬೀಟಾಲೇನ್. ಎರಡೂ ಬಣ್ಣ ಒಂದೇ ಗಿಡದಲ್ಲಿ ಇರುವುದಿಲ್ಲ.)

ಇನ್ನು ಗಿಡ ಈ ಬಣ್ಣವನ್ನು ಯಾವಾಗ ಕಟ್ಟಿಕೊಳ್ಳುತ್ತದೆ ಎಂಬ ಪ್ರಶ್ನೆ. ಮೊದಲ ಮಾತು ವಂಶದ್ದು. ಆ ಗುಣ ಬೀಜದಲ್ಲೇ ಇಲ್ಲದ ಗಿಡವನ್ನು ಹಿಮದಲ್ಲಿಟ್ಟರೂ ಅದು ಸೊರಗೀತೇ ಹೊರತು ನೇರಳೆಯಾಗದು. ಗುಣ ಇದ್ದರೆ ಅದನ್ನು ಹೊರಗೆಳೆಯುವುದು ಹೆಚ್ಚಾಗಿ ಚಳಿ. ಹಗಲು ಬಿಸಿಲು ಚೆನ್ನಾಗಿದ್ದು ರಾತ್ರಿ ತಂಪು ಇಳಿದಾಗ ಎಲೆ ಬೆಳಕನ್ನು ಹಿಡಿಯುತ್ತದೆ, ಆದರೆ ತಯಾರಾದ ಸಕ್ಕರೆಯನ್ನು ಖರ್ಚು ಮಾಡುವ, ಸಾಗಿಸುವ ಕೆಲಸ ನಿಧಾನವಾಗುತ್ತದೆ. ಉಳಿದ ಸಕ್ಕರೆ ಬಣ್ಣ ಕಟ್ಟುವುದಕ್ಕೆ ಒದಗುತ್ತದೆ. ಕಟ್ಟಿದ ಬಣ್ಣ ಹೆಚ್ಚುವರಿ ಬೆಳಕಿಗೆ ಪರದೆಯಾಗುತ್ತದೆ. ಅದೇ ಹೊತ್ತಿಗೆ ಮುದಿಯಾದ ಎಲೆಯ ಪತ್ರಹರಿತ್ತು ಒಡೆಯತೊಡಗಿದರೆ, ಅದುವರೆಗೆ ಹಸಿರಿನಡಿ ಅಡಗಿದ್ದ ಬಣ್ಣವೂ ಮೇಲೆ ಬರುತ್ತದೆ. ನಮ್ಮ ಕರಾವಳಿಯಲ್ಲಿ ಜನವರಿ ರಾತ್ರಿಗೂ ಒಂದು ತೆಳು ಹೊದಿಕೆ ಸಾಕು. ಘಟ್ಟ ಹತ್ತಿ ಶಿರಸಿಗೆ ಹೋದರೆ ಕಂಬಳಿ ಬೇಕು. ಹಿಮಾಲಯದ ಕಣಿವೆಗಳ ಚಳಿಯ ಮಾತೇ ಬೇರೆ.

ಬೇರಿನ ಬಳಿಯ ಕಾರಣವೂ ಒಂದಿದೆ, ರಂಜಕದ ಕೊರತೆ. ನಮ್ಮ ಜಂಬಿಟ್ಟಿಗೆಯ ಹುಳಿಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ರಂಜಕವನ್ನು ಕಚ್ಚಿ ಹಿಡಿದುಕೊಳ್ಳುತ್ತವೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಎಳೆಯ ಮೆಕ್ಕೆಜೋಳದ ಎಲೆಯಂಚು ನೇರಳೆಯಾಗುವುದನ್ನು ಕಂಡ ರೈತರಿಗೆ ಇದು ಗೊತ್ತು. ಆದರೆ ಹೀಗೆ ಬರುವ ಬಣ್ಣ ತೊಟ್ಟು, ನರ, ಹಳೆಯ ಎಲೆಗಳಲ್ಲಿ ಕಾಣುತ್ತದೆ, ಜೊತೆಗೆ ಗಿಡವೂ ಕುಗ್ಗಿರುತ್ತದೆ. ಅದು ಹಸಿವಿನ ಬಣ್ಣ. ಅದನ್ನೂ 'ವಿಶೇಷ ತಳಿ' ಎಂದು ಮಾರುವವರಿದ್ದಾರೆ.

ಬರೀ ಕೆಂಪು ಎಂದು ಜನ ಹೇಳುವುದು ಬಹುಪಾಲು ಬೇರೆಯದೇ ಸಂಗತಿ. ಹೆಣ್ಣು ಹೂವಿನಿಂದ ಪರಾಗ ಹಿಡಿಯಲು ಎರಡೆರಡು ಎಳೆಗಳು ಹೊರಚಾಚಿರುತ್ತವೆ. ಹೊಸತರಲ್ಲಿ ಬಿಳಿ, ವಯಸ್ಸಾದಂತೆ ಕಿತ್ತಳೆ, ಕೊನೆಗೆ ತುಕ್ಕುಗೆಂಪು. ಗೊಂಚಲಿನ ತುಂಬ ಅವು ಮುದುಡಿಕೊಂಡಾಗ ದೂರಕ್ಕೆ ಇಡೀ ಗೊಂಚಲೇ ಕೆಂಪಾಗಿ ಕಾಣುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಒದ್ದೆಯಾಗಿಯೇ ಕಟ್ಟಿದ ಮಾಲಿನಲ್ಲಿ ನಸುಗೆಂಪು ಹತ್ತಿಯಂಥದ್ದು ಕಂಡರೆ ಅದು ಗಿಡದ ಬಣ್ಣವೇ ಅಲ್ಲ, ಬೂಷ್ಟು. ಫ್ಯುಸೇರಿಯಂ ಜಾತಿಯ ಶಿಲೀಂಧ್ರಗಳು ಅಂಥ ಬಣ್ಣ ತರುತ್ತವೆ, ಅವುಗಳಲ್ಲಿ ಕೆಲವು ವಿಷವನ್ನೂ ಉತ್ಪಾದಿಸುತ್ತವೆ.

ನೇರಳೆಯದ್ದು ಹೆಚ್ಚು 'ಏರುತ್ತದೆ' ಎಂಬ ನಂಬಿಕೆಯನ್ನು ಗೋಕರ್ಣದ ಕಡೆಯ ಹುಡುಗರ ಬಾಯಲ್ಲೂ ಕೇಳಿದ್ದೇನೆ, ಓದಿಕೊಂಡವರ ಬಾಯಲ್ಲೂ. ಅಮಲು ಬರಿಸುವ ಟಿಎಚ್‌ಸಿ ಎಂಬ ರಾಸಾಯನಿಕ ತಯಾರಾಗುವುದು ಹೂವಿನ ಮೇಲಿನ ಅಂಟುಗ್ರಂಥಿಗಳಲ್ಲಿ. ಮಸೂರ ಹಿಡಿದರೆ ಗುಂಡುಸೂಜಿ ನೆಟ್ಟಂತೆ ಕಾಣುತ್ತವೆ. 1964ರಲ್ಲಿ ಇಸ್ರೇಲಿನಲ್ಲಿ ರಾಫೆಲ್ ಮೆಶೂಲಮ್ ಮತ್ತು ಯೆಹಿಯೆಲ್ ಗಾವೋನಿ ಅದನ್ನು ಶುದ್ಧವಾಗಿ ಬೇರ್ಪಡಿಸಿದರು. ಅದು ಎಣ್ಣೆಯಲ್ಲಿ ಕರಗುತ್ತದೆ, ನೇರಳೆ ಬಣ್ಣ ನೀರಿನಲ್ಲಿ. ಒಂದನ್ನು ನೋಡಿ ಇನ್ನೊಂದರ ಪ್ರಮಾಣ ಹೇಳುವುದು ಬಾಳೆಕಾಯಿಯ ಸಿಪ್ಪೆ ನೋಡಿ ತೋಟದ ಯಜಮಾನನ ಸಾಲ ಹೇಳಿದಂತೆ.

ಈ ಎಣ್ಣೆ ಮತ್ತು ನೀರಿನ ಭೇದವೇ ಅಂದು ನನ್ನ ವರದಿಯನ್ನು ಕಾಪಾಡಿದ್ದು. ಗಾಂಜಾ ಗುರುತಿಸಲು ಹಳೆಯದೊಂದು ಪರೀಕ್ಷೆಯಿದೆ, ಫ್ರೆಂಚ್ ವಿಜ್ಞಾನಿ ಡುಕೆನುವಾ ಅವರ ಹೆಸರಿನದು. ತಮಾಷೆಯೆಂದರೆ ಅದರಲ್ಲೂ ಗಾಂಜಾ ಇದೆ ಎನ್ನುವುದಕ್ಕೆ ಸಾಕ್ಷಿ ನೇರಳೆ ಬಣ್ಣವೇ! ಮಾದರಿಯ ಸಾರಕ್ಕೆ ವೆನಿಲಿನ್ ಇರುವ ದ್ರಾವಣ, ಮೇಲೆ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಪ್ರನಾಳ ನೇರಳೆಯಾಗುತ್ತದೆ. ಮಾದರಿಯೇ ನೇರಳೆಯಾಗಿದ್ದರೆ? ಆಮ್ಲ ಬಿದ್ದೊಡನೆ ಗಿಡದ ಬಣ್ಣ ಕೆಂಪೇರುತ್ತದೆ, ಅಕ್ಕನ ತಟ್ಟೆಯಲ್ಲಿ ಲಿಂಬೆ ಹಿಂಡಿದಾಗ ಆದಂತೆ. ಅವಸರದ ಕಣ್ಣು ಮೋಸಹೋಗಬಹುದು. ಅದಕ್ಕೇ ಕೊನೆಗೆ ಕ್ಲೋರೋಫಾರ್ಮ್ ಸುರಿದು ಅಲುಗಾಡಿಸಿ ನಿಲ್ಲಿಸುತ್ತೇವೆ. ಭಾರವಾದ ಕ್ಲೋರೋಫಾರ್ಮ್ ತಳಕ್ಕಿಳಿಯುತ್ತದೆ. ಗಾಂಜಾದಿಂದ ಹುಟ್ಟಿದ ನೇರಳೆ ಅದರ ಜೊತೆ ಕೆಳಗಿಳಿಯುತ್ತದೆ. ಆಂಥೋಸಯಾನಿನ್ ನೀರಿನ ನಂಟು ಬಿಡದೆ ಮೇಲೇ ಉಳಿಯುತ್ತದೆ. ಒಂದೇ ಗಾಜಿನಲ್ಲಿ ಮೇಲೊಂದು ಕೆಂಪು, ಕೆಳಗೊಂದು ನೇರಳೆ. ವೃತ್ತಿಯಲ್ಲಿ ನಾನು ಕಂಡ ಚೆಂದದ ನೋಟಗಳಲ್ಲಿ ಅದೊಂದು.

ಅಷ್ಟಕ್ಕೇ ಸಹಿ ಹಾಕುವುದಿಲ್ಲ, ಬೇರೆ ಕೆಲವು ವಸ್ತುಗಳೂ ಈ ಪರೀಕ್ಷೆಯನ್ನು ದಾರಿತಪ್ಪಿಸುತ್ತವೆ. ಸೂಕ್ಷ್ಮದರ್ಶಕದಡಿ ಗಾಂಜಾ ಎಲೆಯಲ್ಲಿ ಕರಡಿಯ ಉಗುರಿನಂತೆ ಬಾಗಿದ ರೋಮಗಳಿರುತ್ತವೆ, ಬುಡದಲ್ಲಿ ಸುಣ್ಣದ ಹರಳು. ಒಂದು ಹನಿ ಆಮ್ಲ ಬಿಟ್ಟರೆ ಗುಳ್ಳೆ ಏಳುತ್ತದೆ. ಅದನ್ನೂ ನೋಡಿದ್ದೆ.

ಕಾನೂನಿಗಂತೂ ಬಣ್ಣದ ಗೊಡವೆಯಿಲ್ಲ. 1985ರ ಮಾದಕವಸ್ತು ಕಾಯಿದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿಗಳು, ಯಾವ ಹೆಸರಿನಿಂದ ಕರೆದರೂ ಸರಿ. ಶಿಕ್ಷೆಯ ತೂಕ ನೋಡುವುದು ಮಾಲಿನ ತೂಕದಲ್ಲಿ: 1 ಕಿಲೋದವರೆಗೆ ಅಲ್ಪ ಪ್ರಮಾಣ, 20 ಕಿಲೋ ದಾಟಿದರೆ ವಾಣಿಜ್ಯ ಪ್ರಮಾಣ.

ವಕೀಲರು ಕೊನೆಯ ಬಾಣ ಉಳಿಸಿಕೊಂಡಿದ್ದರು. ನ್ಯಾಯಾಲಯದ ಮುಂದೆ ಪೊಟ್ಟಣದ ಅರಗು ಒಡೆಸಿದರು. ಒಳಗಿದ್ದದ್ದು ಹೊಗೆಸೊಪ್ಪಿನಂಥ ಕಂದು ಪುಡಿ. "ನಿಮ್ಮ ನೇರಳೆ ಎಲ್ಲಿ ಹೋಯಿತು?" ಎಂದರು, ಮಾಲು ಬದಲಾಗಿದೆ ಎಂಬ ಧ್ವನಿಯಲ್ಲಿ. ಆಂಥೋಸಯಾನಿನ್ ಸೆಖೆ, ಗಾಳಿ, ಬೆಳಕಿಗೆ ನಿಲ್ಲುವಂಥದ್ದಲ್ಲ. ಹೋದ ವರ್ಷದ ಮುರುಗಲು ಸಿಪ್ಪೆಯೂ ಕಪ್ಪಾಗಿರುತ್ತದೆ ಎಂದೆ. ನ್ಯಾಯಾಧೀಶರು ಬರೆಯುತ್ತಿದ್ದವರು ತಲೆಯೆತ್ತಿ, "ನಮ್ಮ ಮನೆಯ ಭರಣಿಯಲ್ಲೂ ಹಾಗೇ ಆಗಿದೆ" ಎಂದು ಮುಂದಿನ ಪ್ರಶ್ನೆ ಕೇಳಲು ಹೇಳಿದರು.