ಹೋದ ವರ್ಷ ನೋಡಿದ ಹಿಪ್ಪೊ ಮರಿ ಈ ವರ್ಷ ಎಲ್ಲಿಗೆ ಹೋಯಿತು?

ಪ್ರಶ್ನೆ: ನಾವು ಜರ್ಮನಿಯಲ್ಲಿದ್ದೇವೆ. ಹೋದ ವರ್ಷ ಇಲ್ಲಿನ ಮೃಗಾಲಯದಲ್ಲಿ ಮಗಳಿಗೆ ಹಿಪ್ಪೊ ಮರಿ ತೋರಿಸಿದ್ದೆ. ಈ ವರ್ಷ ಹೋದರೆ ಮರಿ ಇಲ್ಲ. ಕೇಳಿದ್ದಕ್ಕೆ 'ಬೇರೆ ದೇಶಕ್ಕೆ ಕಳಿಸಿದ್ದೇವೆ' ಅಂದರು. ಯುರೋಪಿನಲ್ಲಿ ಇಷ್ಟೊಂದು ಮೃಗಾಲಯಗಳಿವೆ. ಯಾವ ಹಿಪ್ಪೊ ಎಲ್ಲಿದೆ ಅಂತ ಯಾರಾದರೂ ಲೆಕ್ಕ ಇಡುತ್ತಾರಾ? ನೋಡೋಕೆ ಎಲ್ಲವೂ ಒಂದೇ ತರ ಇರುತ್ತವಲ್ಲ?

ಉತ್ತರ: ಇಡುತ್ತಾರೆ. ನಮ್ಮ ರೇಷನ್ ಕಾರ್ಡಿಗಿಂತ ಸರಿಯಾಗಿಯೇ ಇಡುತ್ತಾರೆ. ಆದರೆ ಅದು ಬರೀ ತಲೆ ಎಣಿಸುವ ಲೆಕ್ಕ ಅಲ್ಲ, ನೆಂಟಸ್ತಿಕೆಯ ಲೆಕ್ಕ. ಯಾರ ಮರಿ, ಯಾರ ಮೊಮ್ಮಗಳು, ಯಾರಿಗೆ ಯಾರನ್ನು ತರಬಹುದು, ಯಾರನ್ನು ತರಬಾರದು ಅನ್ನುವ ಲೆಕ್ಕ.

ಉತ್ತರ ಕರ್ನಾಟಕದ ಕಡೆಯವರಿಗೆ ಹೆಳವರು ಗೊತ್ತಿರುತ್ತಾರೆ. ಎತ್ತಿನ ಗಾಡಿಯಲ್ಲಿ ಊರಿಗೆ ಬಂದು, ಮನೆ ಮುಂದೆ ನಿಂತು, ನಿಮ್ಮ ಮುತ್ತಜ್ಜನ ಅಪ್ಪ ಯಾರು, ಯಾವ ಊರು ಬಿಟ್ಟು ಬಂದರು, ಯಾರಿಗೆ ಎಷ್ಟು ಮಕ್ಕಳು ಅಂತ ಪಟಪಟ ಹೇಳಿ, ಕಾಳುಕಡಿ ಪಡೆದು ಮುಂದಿನ ಮನೆಗೆ ಹೋಗುವವರು. ಹೊಸದಾಗಿ ಹುಟ್ಟಿದ ಕೂಸೂ ಅವರ ಪುಸ್ತಕ ಸೇರುತ್ತದೆ. ಯುರೋಪಿನ ಹಿಪ್ಪೊಗಳಿಗೂ ಅಂಥ ಹೆಳವರಿದ್ದಾರೆ. ಎತ್ತಿನ ಗಾಡಿ ಬದಲು ಕಂಪ್ಯೂಟರ್, ಅಷ್ಟೇ. ಅವರ ವಂಶಾವಳಿ ಪುಸ್ತಕಕ್ಕೆ ಮೃಗಾಲಯದವರು 'ಸ್ಟಡ್‌ಬುಕ್' ಅನ್ನುತ್ತಾರೆ. ಸಾಮಾನ್ಯವಾಗಿ ಒಂದು ಜಾತಿಯ ಪ್ರಾಣಿಯ ಪುಸ್ತಕ ಯಾವುದಾದರೂ ಒಂದು ಮೃಗಾಲಯದ ಸಿಬ್ಬಂದಿಯ ಕೈಲಿರುತ್ತದೆ. ಅವರು ತಮ್ಮ ದಿನದ ಕೆಲಸದ ಜೊತೆಗೆ ಇದನ್ನೂ ನೋಡಿಕೊಳ್ಳುತ್ತಾರೆ. ಉಳಿದ ಮೃಗಾಲಯಗಳು ಅವರಿಗೆ ಸುದ್ದಿ ಮುಟ್ಟಿಸಬೇಕು: ಹುಟ್ಟಿತು, ಸತ್ತಿತು, ಬಂತು, ಹೋಯಿತು.

ಇನ್ನು 'ಒಂದೇ ತರ ಇರುತ್ತವಲ್ಲ' ಅನ್ನುವ ಮಾತು. ಇದು ನಿಜವಾಗಿಯೂ ತಲೆನೋವಿನ ವಿಷಯ. ನಾನು ಮೈಸೂರು ಮೃಗಾಲಯದಲ್ಲಿ ಒಂದ್ಸಲ ಕೊಳದ ಮುಂದೆ ನಿಂತು ಹಿಪ್ಪೊ ಎಣಿಸಲು ಹೋಗಿದ್ದೆ. ಎರಡು ಕಿವಿ ಮೇಲೆ ಬಂದವು, ಪಟಪಟ ಅಲ್ಲಾಡಿದವು, ಬುಸ್ ಅಂತ ನೀರು ಚಿಮ್ಮಿತು, ಮತ್ತೆ ಮುಳುಗಿತು. ಸ್ವಲ್ಪ ಹೊತ್ತಿಗೆ ಆಚೆ ಮೂಲೆಯಲ್ಲಿ ಎರಡು ಮೂಗಿನ ಹೊಳ್ಳೆ. ಇದು ಅದೇನಾ, ಇನ್ನೊಂದಾ? ಒಮ್ಮೆ ಎಣಿಸಿದರೆ ಮೂರು, ಇನ್ನೊಮ್ಮೆ ಐದು. ಐದು ನಿಮಿಷದವರೆಗೂ ಉಸಿರು ಹಿಡಿದು ಒಳಗಿರಬಲ್ಲ ಪ್ರಾಣಿ ಅದು. ನಾನು ಸೋತು ಐಸ್‌ಕ್ರೀಂ ತಿನ್ನಲು ಹೋದೆ.

ದಿನಾ ಹುಲ್ಲು ಹಾಕುವ ಪಾಲಕರಿಗೆ ಮಾತ್ರ ಈ ಕಷ್ಟ ಇಲ್ಲ. ಕಿವಿಯಲ್ಲಿನ ಸೀಳು, ಬೆನ್ನ ಮೇಲಿನ ಹಳೇ ಗಾಯದ ಗುರುತು, ಕೋರೆಹಲ್ಲು ಬೆಳೆದ ರೀತಿ, ಬಾಯಿ ತೆರೆಯುವ ಸೊಗಸು, ಎಲ್ಲವೂ ಅವರಿಗೆ ಬಾಯಿಪಾಠ. ಆದರೆ ಪಾಲಕ ನಿವೃತ್ತನಾಗುತ್ತಾನೆ, ಹಿಪ್ಪೊ ಇನ್ನೊಂದು ದೇಶಕ್ಕೆ ಹೋಗುತ್ತದೆ. ಅದಕ್ಕೇ ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಪುಟ್ಟ ಮೈಕ್ರೋಚಿಪ್ ಹಾಕುತ್ತಾರೆ. ನಾಯಿಗಳಿಗೆ ಹಾಕುವಂಥದ್ದೇ, 15 ಅಂಕಿಗಳ ನಂಬರು. ಅದರಲ್ಲಿ ಜಿಪಿಎಸ್ ಏನೂ ಇಲ್ಲ. ಎಷ್ಟೋ ಜನ ಹಾಗೆ ಅಂದುಕೊಂಡಿರುತ್ತಾರೆ. ಅದಕ್ಕೆ ಬ್ಯಾಟರಿಯೇ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದರೆ ನಂಬರು ಹೇಳುತ್ತದೆ, ಇಲ್ಲದಿದ್ದರೆ ಸುಮ್ನೆ ಇರುತ್ತದೆ. ಹಿಪ್ಪೊ ಚರ್ಮವೋ ಕೆಲವು ಕಡೆ ಐದು ಸೆಂಟಿಮೀಟರ್ ದಪ್ಪ. ಯಂತ್ರ ಹಿಡಿದು ಅದರ ಹತ್ತಿರ ಹೋಗುವುದಂತೂ ಹುಡುಗಾಟದ ಮಾತಲ್ಲ.

ಇದಕ್ಕಿಂತ ದೊಡ್ಡ ಗೊಂದಲ ಗಂಡಾ ಹೆಣ್ಣಾ ಅನ್ನುವುದು. ನಗಬೇಡಿ. ಗಂಡು ಹಿಪ್ಪೊದ ವೃಷಣಗಳು ಹೊರಗೆ ಕಾಣುವುದಿಲ್ಲ, ತೊಡೆಸಂದಿಯ ಒಳಗೇ ಇರುತ್ತವೆ, ಜಾಗವನ್ನೂ ಬದಲಿಸುತ್ತವೆ. 1872ರ ನವೆಂಬರ್ 5ರಂದು ಲಂಡನ್ ಮೃಗಾಲಯದಲ್ಲಿ ಒಂದು ಮರಿ ಹುಟ್ಟಿತು. ಇಂಗ್ಲೆಂಡಿನಲ್ಲಿ ಅದು ಗೈ ಫಾಕ್ಸ್ ಅನ್ನುವವನ ಹೆಸರಲ್ಲಿ ಬೆಂಕಿ ಹಚ್ಚಿ ಪಟಾಕಿ ಹೊಡೆಯುವ ದಿನ. ಹಾಗಾಗಿ ಮರಿಗೂ ಗೈ ಫಾಕ್ಸ್ ಅಂತಲೇ ಹೆಸರಿಟ್ಟರು. ಆಮೇಲೆ ನೋಡಿದರೆ ಅದು ಹೆಣ್ಣು! ಇದು ಹಳೇ ಕಾಲದ ಕತೆ ಅಂದುಕೊಳ್ಳಬೇಡಿ. ಜಪಾನಿನ ಒಸಾಕಾದ ಒಂದು ಮೃಗಾಲಯ ಏಳು ವರ್ಷ ಗಂಡು ಅಂತ ಸಾಕಿದ ಗೆನ್-ಚಾನ್ ಹೆಣ್ಣು ಅಂತ ಗೊತ್ತಾಗಿದ್ದು 2024ರಲ್ಲಿ, ಅದೂ ಡಿಎನ್‌ಎ ಪರೀಕ್ಷೆ ಮಾಡಿಸಿದ ಮೇಲೆ.

ಅದಕ್ಕೇ ಮೃಗಾಲಯದವರ ಲೆಕ್ಕದಲ್ಲಿ ಮೂರು ಅಂಕಿ ಇರುತ್ತದೆ. '1.2.1' ಅಂತ ಬರೆದಿದ್ದರೆ ಒಂದು ಗಂಡು, ಎರಡು ಹೆಣ್ಣು, ಒಂದು ಇನ್ನೂ ಗೊತ್ತಿಲ್ಲದ್ದು ಅಂತ ಅರ್ಥ. ಆ ಕೊನೆಯ ಅಂಕಿ ನನಗೆ ತುಂಬಾ ಇಷ್ಟ. ಗೊತ್ತಿಲ್ಲ ಅಂತ ಒಪ್ಪಿಕೊಳ್ಳೋಕೂ ಒಂದು ಜಾಗ ಇಟ್ಟಿದ್ದಾರಲ್ಲ!

ಈ ಅಂಕಿಗಳೆಲ್ಲ ಈಗ ಹೋಗಿ ಸೇರುವುದು 'ಝಿಮ್ಸ್' ಅನ್ನುವ ಒಂದು ಗಣಕ ವ್ಯವಸ್ಥೆಗೆ. ನಡೆಸುವುದು ಸ್ಪೀಶೀಸ್360 ಅನ್ನುವ ಸಂಸ್ಥೆ. 1970ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಬೇರೆ ಹೆಸರಿನಿಂದ ಶುರುವಾಗಿದ್ದು. ಈಗ ಪ್ರಪಂಚದ ಸಾವಿರಕ್ಕೂ ಹೆಚ್ಚು ಮೃಗಾಲಯ, ಅಕ್ವೇರಿಯಂಗಳು ಇದರಲ್ಲಿವೆ. ಇದರಲ್ಲಿ ಪ್ರತಿ ಪ್ರಾಣಿಗೂ ಒಂದು ಜಾಗತಿಕ ನಂಬರು. ಬರ್ಲಿನ್‌ನಲ್ಲಿ ಒಂದು ಹೆಸರು, ಲಿಸ್ಬನ್‌ಗೆ ಹೋದ ಮೇಲೆ ಇನ್ನೊಂದು ಹೆಸರು ಇಟ್ಟರೂ ನಂಬರು ಅದೇ. ಸೊಸೆಗೆ ಗಂಡನ ಮನೆಯಲ್ಲಿ ಹೆಸರು ಬದಲಿಸಿದರೂ ಹೆಳವರ ಪುಸ್ತಕದಲ್ಲಿ ತವರು ಮನೆ ಅಳಿಸಿ ಹೋಗುವುದಿಲ್ಲವಲ್ಲ, ಹಾಗೆ. ತೂಕ, ಔಷಧಿ, ಕಾಯಿಲೆ ಎಲ್ಲವನ್ನೂ ಅದೇ ನಂಬರಿನ ಕೆಳಗೆ ಬರೆದಿಡಬಹುದು. ಎಂಥೆಂಥ ಕಾಯಿಲೆ ಬರುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ: 2021ರ ಡಿಸೆಂಬರ್‌ನಲ್ಲಿ ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಹರ್ಮೀನ್, ಇಮಾನಿ ಅನ್ನುವ ಎರಡು ಹಿಪ್ಪೊಗಳಿಗೆ ಮೂಗು ಸೋರುತ್ತಿತ್ತು. ಪರೀಕ್ಷೆ ಮಾಡಿದರೆ ಕೋವಿಡ್!

ಆದರೆ ಇಷ್ಟೆಲ್ಲ ಯಾಕೆ ಬೇಕು? ಸಾಕುವವರು ಸಾಕಲಿ, ನೋಡುವವರು ನೋಡಲಿ ಅಂದರೆ ಸಾಲದಾ?

ಶುರುವಿನಲ್ಲಿ ಹಾಗೇ ಇತ್ತು. ರೋಮನ್ನರ ಕಾಲದ ನಂತರ ಯುರೋಪಿಗೆ ಬಂದ ಮೊದಲ ಹಿಪ್ಪೊ ಅಂತ ಹೆಸರಾದದ್ದು ಒಬೇಶ್. ನೈಲ್ ನದಿಯ ಒಂದು ದ್ವೀಪದಲ್ಲಿ ಮರಿಯಾಗಿದ್ದಾಗಲೇ ಹಿಡಿದದ್ದು. ಆಗ ಈಜಿಪ್ಟ್ ಆಳುತ್ತಿದ್ದ ಅಬ್ಬಾಸ್ ಪಾಷಾ ಕೆಲವು ಬೇಟೆನಾಯಿಗಳನ್ನು ತೆಗೆದುಕೊಂಡು ಬದಲಿಗೆ ಇದನ್ನು ಕೊಟ್ಟ. 1850ರ ಮೇ ತಿಂಗಳಲ್ಲಿ ಹಡಗಿನಲ್ಲಿ ಲಂಡನ್‌ಗೆ ಬಂತು, ಜನ ಮುಗಿಬಿದ್ದರು. ಮೇಲೆ ಹೇಳಿದ ಗೈ ಫಾಕ್ಸ್ ಇದರದ್ದೇ ಮಗಳು. ಆಗ ಪ್ರಾಣಿ ಸತ್ತರೆ ಆಫ್ರಿಕಾದಿಂದ ಇನ್ನೊಂದು ತರಿಸಿದರಾಯಿತು ಅನ್ನುವ ಕಾಲ. ಅಪ್ಪ ಯಾರು, ಅಮ್ಮ ಯಾರು ಅಂತ ಯಾರು ಕೇಳುತ್ತಾರೆ?

ಕಾಡುಪ್ರಾಣಿಗೆ ವಂಶಾವಳಿ ಬರೆಯಲು ಕಲಿಸಿದ್ದು ಹಿಪ್ಪೊ ಅಲ್ಲ, ಯುರೋಪಿನ ಕಾಡೆಮ್ಮೆಯಂಥ ಬೈಸನ್. ಮೊದಲನೇ ಮಹಾಯುದ್ಧದ ಹೊತ್ತಿಗೆ ಕಾಡಿನಲ್ಲಿದ್ದವು ಮುಗಿಯುತ್ತಾ ಬಂದವು, ಮೃಗಾಲಯ ಮತ್ತು ಖಾಸಗಿ ತೋಟಗಳಲ್ಲಿ ಐವತ್ತು ಚಿಲ್ಲರೆ ಉಳಿದವು. 1923ರಲ್ಲಿ ಒಂದು ಸಂಘ ಕಟ್ಟಿಕೊಂಡು ಉಳಿದ ಒಂದೊಂದನ್ನೂ ಹೆಸರು ಹಿಡಿದು ಬರೆದುಕೊಂಡರು. 1932ರಲ್ಲಿ ಪುಸ್ತಕ ಅಚ್ಚಾಯಿತು. ಇವತ್ತು ಪೋಲೆಂಡಿನ ಕಾಡಿನಲ್ಲಿ ಬೈಸನ್ ಓಡಾಡುತ್ತಿದ್ದರೆ ಆ ಪಟ್ಟಿಯ ಪುಣ್ಯ. ಉಳಿದ ಪ್ರಾಣಿಗಳಿಗೂ ಇದೇ ದಾರಿ ಹಿಡಿದು, ಯುರೋಪಿನ ಮೃಗಾಲಯಗಳು 1985ರಲ್ಲಿ ಒಟ್ಟಾಗಿ ತಳಿ ನೋಡಿಕೊಳ್ಳುವ ಯೋಜನೆ ಶುರು ಮಾಡಿದವು. 'ಇಇಪಿ' ಅಂತ ಕರೆಯುತ್ತಾರೆ. ನಿಮ್ಮ ಮರಿ ಬೇರೆ ದೇಶಕ್ಕೆ ಹೋಗಿದ್ದರ ಹಿಂದೆ ಬಹುಶಃ ಇಂಥದ್ದೇ ಒಂದು ಯೋಜನೆಯ ಪತ್ರ ಇದ್ದೀತು.

ಈಗ ಬರ್ಲಿನ್‌ನ ಕತೆ ಕೇಳಿ. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಬರ್ಲಿನ್ ಮೃಗಾಲಯ ನೆಲಸಮ ಆಯಿತು. ಸಾವಿರಾರು ಪ್ರಾಣಿಗಳಲ್ಲಿ ಕೊನೆಗೆ ಉಳಿದದ್ದು 91. ಅದರಲ್ಲಿ ಒಂದು 1943ರಲ್ಲಿ ಹುಟ್ಟಿದ ಗಂಡು ಹಿಪ್ಪೊ, ಹೆಸರು ಕ್ನೌಚ್ಕೆ. ಊಟಕ್ಕೇ ಗತಿ ಇಲ್ಲದ ಊರಿನ ಜನ ಇದನ್ನು ಕಣ್ಮಣಿಯಂತೆ ನೋಡಿಕೊಂಡರು. ಆದರೆ ಜೊತೆಗೆ ಹೆಣ್ಣಿಲ್ಲ. ಸಿಕ್ಕಿದ್ದು ಲೈಪ್‌ಜಿಗ್ ಮೃಗಾಲಯದಲ್ಲಿ, ಅಂದರೆ ರಷ್ಯನ್ನರ ಕೈಲಿದ್ದ ಭಾಗದಲ್ಲಿ. ಮನುಷ್ಯರೇ ಆಚೀಚೆ ಹೋಗಲು ಪರದಾಡುತ್ತಿದ್ದ ಕಾಲದಲ್ಲಿ ಹಿಪ್ಪೊಗಳಿಗೆ ಸಂಬಂಧ ಕೂಡಿಬಂತು. 1952ರಲ್ಲಿ ಮಗಳು ಬುಲೆಟೆ ಹುಟ್ಟಿದಳು. ಅವಳು ಬದುಕಿದ್ದು 2005ರವರೆಗೆ. ಬರ್ಲಿನ್ ಗೋಡೆ ಎದ್ದದ್ದನ್ನೂ ಬಿದ್ದದ್ದನ್ನೂ ನೀರಲ್ಲಿ ಕೂತು ಕಳೆದವಳು. ಒಂದು ಹಿಪ್ಪೊ ಐವತ್ತು ವರ್ಷ ಬದುಕುತ್ತದೆ ಅಂದರೆ, ಅದರ ಕಡತ ಕೈಬರಹದ ಕಾರ್ಡಿನಲ್ಲಿ ಶುರುವಾಗಿ ಕಂಪ್ಯೂಟರಿನಲ್ಲಿ ಮುಗಿಯುತ್ತದೆ. ನಡುವೆ ಯಾರೋ ಒಬ್ಬರು ಅಮ್ಮನ ಹೆಸರು ತಪ್ಪಾಗಿ ನಕಲು ಮಾಡಿದರೆ ಮುಗೀತು, ಮೂರು ತಲೆಮಾರು ಅಡ್ಡದಾರಿ ಹಿಡಿಯುತ್ತದೆ.

ಕ್ನೌಚ್ಕೆಯ ಕೊನೆ ಮಾತ್ರ ಸಂಕಟದ್ದು. 1988ರಲ್ಲಿ ತನ್ನ ಮಗನ ಜೊತೆಗೇ ಕಾದಾಡಿ, ವಾಸಿಯಾಗದಷ್ಟು ಗಾಯವಾಗಿ ಸತ್ತ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ನೋಡಿ. ಗಂಡು ಮರಿ ಬೆಳೆಯುತ್ತಾ ಬಂದ ಹಾಗೆ ಅಪ್ಪನಿಗೆ ಅದು ಮಗ ಅಲ್ಲ, ಎದುರಾಳಿ. ಕಾಡಿನಲ್ಲಾದರೆ ನದಿಯ ಇನ್ನೊಂದು ತಿರುವಿಗೆ ಓಡಿಹೋಗುತ್ತದೆ. ಮೃಗಾಲಯದ ಕೊಳಕ್ಕೆ ತಿರುವೆಲ್ಲಿ? ಹಾಗಾಗಿ ಯಾರೋ ಒಬ್ಬರು ಮೊದಲೇ ಅದನ್ನು ಬೇರೆ ಕೊಳಕ್ಕೆ ಸಾಗಿಸಬೇಕು. ಹೆಣ್ಣು ಮರಿಯಾದರೆ ಬೇರೆ ಕಾರಣ: ಅಪ್ಪನ ಜೊತೆಗೇ ಕೂಡಿ ಮರಿ ಹಾಕಬಾರದು. ಎಲ್ಲಿಗೆ ಅನ್ನುವುದನ್ನು ಪುಸ್ತಕ ಇಟ್ಟುಕೊಂಡವರು ಹೇಳುತ್ತಾರೆ. ಎಲ್ಲಿ ಇದರ ರಕ್ತಸಂಬಂಧಿಗಳು ಕಡಿಮೆಯೋ ಅಲ್ಲಿಗೆ. ಕಂಪ್ಯೂಟರ್ ಪ್ರತಿ ಹಿಪ್ಪೊಗೂ ಉಳಿದವುಗಳ ಜೊತೆ ಎಷ್ಟು ನೆಂಟಸ್ತಿಕೆ ಅಂತ ಲೆಕ್ಕ ಹಾಕಿ ಒಂದು ಅಂಕಿ ಕೊಡುತ್ತದೆ. ಅಂಕಿ ಸಣ್ಣದಿದ್ದಷ್ಟೂ ಬೇಡಿಕೆ ಜಾಸ್ತಿ. ಊರೆಲ್ಲ ಅಣ್ಣತಮ್ಮಂದಿರೇ ಆದವನಿಗೆ ಅದೇ ಊರಲ್ಲಿ ಹೆಣ್ಣು ಸಿಗುವುದಿಲ್ಲ, ಅಲ್ವಾ?

ಜಾಗವೇ ಇಲ್ಲದಿದ್ದರೆ? ದೊಡ್ಡ ಜಾತಿಯ ಹಿಪ್ಪೊಗಳ ವಿಷಯದಲ್ಲಿ ಇದೇ ಪೀಕಲಾಟ. ಅವು ಮೃಗಾಲಯದಲ್ಲಿ ಸಲೀಸಾಗಿ ಮರಿ ಹಾಕುತ್ತವೆ, ಒಂದಕ್ಕೆ ಬೇಕಾದ ಕೊಳ, ಮನೆ, ನೀರು ಸೋಸುವ ವ್ಯವಸ್ಥೆಗೆ ದುಡ್ಡು ಸುರಿಯಬೇಕು. ಹಾಗಾಗಿ ಕೆಲವು ಗಂಡುಗಳಿಗೆ ಬೀಜ ತೆಗೆಸುತ್ತಾರೆ. ಜಾಗ ಬದಲಿಸುವ ಆ ವೃಷಣಗಳನ್ನು ಹುಡುಕುವುದೇ ಸಾಹಸ. ವಿಯೆನ್ನಾದ ಪಶುವೈದ್ಯರು ಅಲ್ಟ್ರಾಸೌಂಡ್ ಹಿಡಿದು ಹುಡುಕಿ ಇದನ್ನು ಮಾಡುವ ಬಗೆ ಕಂಡುಕೊಂಡರು.

ಕುಳ್ಳ ಹಿಪ್ಪೊ ಅನ್ನುವ ಇನ್ನೊಂದು ಪುಟ್ಟ ಜಾತಿ ಇದೆ. ಅವುಗಳದ್ದು ಬೇರೆಯದೇ ಪಾಡು. ಪಶ್ಚಿಮ ಆಫ್ರಿಕಾದ ಕಾಡಿನಲ್ಲಿ ಉಳಿದಿರುವುದೇ ಎರಡು-ಮೂರು ಸಾವಿರ ಅನ್ನುತ್ತಾರೆ. ಪ್ರಪಂಚದಲ್ಲೆಲ್ಲ ಸಾಕಿರುವ ಕುಳ್ಳ ಹಿಪ್ಪೊಗಳ ಪುಸ್ತಕ 1975ರಿಂದ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಮೃಗಾಲಯದ ಹತ್ತಿರ ಇದೆ. ಹುಟ್ಟಿದ ಮರಿಗಳನ್ನೆಲ್ಲ ಬರೆದಿಟ್ಟಿದ್ದರಿಂದಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು: ನೂರು ಮರಿಗಳಲ್ಲಿ ಗಂಡು ಬರೀ 42-43, ಉಳಿದವೆಲ್ಲ ಹೆಣ್ಣು. ಆಮೇಲೆ ವಿಜ್ಞಾನಿಗಳು ಗಂಡುಗಳ ವೀರ್ಯ ಪರೀಕ್ಷಿಸಿದರೆ, ಗಂಡು ಮರಿ ಹುಟ್ಟಿಸುವ ವೀರ್ಯಾಣುಗಳೂ ಸರಿಸುಮಾರು ಅಷ್ಟೇ ಪಾಲು. 2012ರಲ್ಲಿ ಇದು ಪ್ರಕಟವಾಯಿತು. ಒಂದೊಂದು ಮೃಗಾಲಯಕ್ಕೆ ಕಾಣುವುದು ಒಂದೆರಡು ಮರಿ. ಅವುಗಳನ್ನು ನೋಡಿ ಇದು ಹೊಳೆಯುತ್ತಲೇ ಇರಲಿಲ್ಲ.

ಇನ್ನು ಪ್ರಯಾಣ. ಹಿಪ್ಪೊ ಕಾಡುಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿ, ಕಾಗದಪತ್ರ ಇಲ್ಲದೆ ಗಡಿ ದಾಟಿಸುವ ಹಾಗಿಲ್ಲ. ಐರೋಪ್ಯ ಒಕ್ಕೂಟದ ಒಳಗೆ ಸ್ವಲ್ಪ ಸಲೀಸು. ಬ್ರಿಟನ್ ಹೊರಗೆ ಬಂದ ಮೇಲೆ ಅಲ್ಲಿಗೆ ಕಳಿಸುವುದು, ಅಲ್ಲಿಂದ ತರುವುದು ಹೆಚ್ಚು ಕಾಗದದ ಕೆಲಸ ಆಗಿದೆ. ಕಾಗದ ಹೇಗೋ ಆಗುತ್ತದೆ, ಬೋನಿಗೆ ಹತ್ತಿಸುವುದೇ ದೊಡ್ಡ ಕೆಲಸ. ಹಿಪ್ಪೊಗೆ ಮತ್ತಿನ ಔಷಧಿ ಕೊಡುವುದು ಅಪಾಯ. ಉಸಿರು ನಿಲ್ಲಬಹುದು, ಇಲ್ಲವೇ ಮತ್ತಿನಲ್ಲೇ ನೀರಿಗಿಳಿದು ಮುಳುಗಬಹುದು. ಆದ್ದರಿಂದ ವಾರಗಟ್ಟಲೆ ಮೊದಲೇ ಕಬ್ಬಿಣದ ಬೋನನ್ನು ಅದರ ಮನೆ ಬಾಗಿಲಿಗೆ ಜೋಡಿಸಿ ಇಡುತ್ತಾರೆ. ಒಳಗೆ ಹುಲ್ಲು, ತರಕಾರಿ. ಮೊದಲ ದಿನ ಮೂತಿ ಹಾಕುತ್ತದೆ. ಇನ್ನೊಂದು ದಿನ ಮುಂಗಾಲು. ಯಾವತ್ತೋ ಒಂದು ದಿನ ಪೂರ್ತಿ ಒಳಗೆ ಹೋಗಿ ನಿಶ್ಚಿಂತೆಯಿಂದ ಮೆಲ್ಲುತ್ತಾ ನಿಂತಾಗ ಬಾಗಿಲು ಹಾಕುತ್ತಾರೆ. ದಾರಿಯಲ್ಲಿ ಚರ್ಮ ಒಣಗದ ಹಾಗೆ ಆಗಾಗ ನೀರು ಹೊಯ್ಯುತ್ತಾರೆ.

ಎಲ್ಲ ಹಿಪ್ಪೊಗಳೂ ಪುಸ್ತಕದಲ್ಲಿವೆಯಾ ಅಂದರೆ, ಇಲ್ಲ. ಸರ್ಕಸ್ಸಿನಲ್ಲಿ ಇದ್ದವು, ಖಾಸಗಿಯವರ ಹತ್ತಿರ ಇದ್ದವು ತಪ್ಪಿಸಿಕೊಂಡಿವೆ. ಪುಸ್ತಕವೇ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕೊಲಂಬಿಯಾ ನೋಡಿ. ಅಲ್ಲಿನ ಮಾದಕವಸ್ತು ದೊರೆ ಪಾಬ್ಲೊ ಎಸ್ಕೊಬಾರ್ 1980ರ ದಶಕದಲ್ಲಿ ತನ್ನ ತೋಟಕ್ಕೆ ತರಿಸಿದ್ದು ನಾಲ್ಕು. 2023ರಲ್ಲಿ ಅಲ್ಲಿನ ಸರ್ಕಾರದ ಅಂದಾಜು 169. ನಮ್ಮ ದೇಶದಲ್ಲಿ ಕೇಂದ್ರ ಮೃಗಾಲಯ ಪ್ರಾಧಿಕಾರ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆಯ ಜೊತೆ ಸೇರಿ ಹಲವು ಪ್ರಾಣಿಗಳಿಗೆ ಇಂಥ ಪುಸ್ತಕ ಮಾಡಿಸಿದೆ.

ನಿಮ್ಮ ಮಗಳ ಮರಿಯನ್ನು ಹುಡುಕಬೇಕೆಂದರೆ ಒಂದು ಉಪಾಯ ಇದೆ. ಸ್ಟಡ್‌ಬುಕ್ ಮತ್ತು ಝಿಮ್ಸ್ ಒಳಗೆ ನಮಗೆ ಪ್ರವೇಶ ಇಲ್ಲ. 'ಝೂಟಿಯರ್‌ಲಿಸ್ಟೆ' ಅನ್ನುವ ಜಾಲತಾಣ ಇದೆ, ಜರ್ಮನಿಯ ಮೃಗಾಲಯ ಪ್ರೇಮಿಗಳು ನಡೆಸುವುದು. ಯುರೋಪಿನ ಯಾವ ಮೃಗಾಲಯದಲ್ಲಿ ಯಾವ ಪ್ರಾಣಿ ಇದೆ, ಮೊದಲು ಎಲ್ಲಿತ್ತು ಅಂತ ಅಲ್ಲಿ ಸಿಗುತ್ತದೆ. ಅದರಿಂದ ಊರುಗಳ ಪಟ್ಟಿ ಮಾಡಿಕೊಳ್ಳಿ. ಆಮೇಲೆ ಮೃಗಾಲಯಕ್ಕೆ ಪತ್ರ ಬರೆಯುವಾಗ ಮರಿಯ ಹೆಸರು ಹಿಡಿದು ಕೇಳಬೇಡಿ, ಅದು ಬದಲಾಗಿರಬಹುದು. ಅಮ್ಮನ ಹೆಸರು, ಹುಟ್ಟಿದ ತಿಂಗಳು ಹೇಳಿ ಕೇಳಿ.